ದೂರವಾಣಿಯ ತಂತಿಯಲ್ಲಿ ಅಂತರಜಾಲ: ಮುಂಬಯಿಯ ಗೃಹಸ್ಥನ ಆಯ್ಕೆ

ಮುಂಬಯಿಯ ಫೋರ್ಟ್ ಭಾಗದಲ್ಲಿ, ಮಹಾತ್ಮಾ ಗಾಂಧಿ ರಸ್ತೆಯ ಮೇಲೆ, ವಿದೇಶ ಸಂಚಾರ ಭವನವೆಂಬ ಎತ್ತರವಾದ ಕಟ್ಟಡವೊಂದುಂಟು. ಹೊರದೇಶಗಳೊಡನೆ ನಡೆಯುವ ತಂತಿ-ದೂರವಾಣಿಗಳ ವ್ಯವಹಾರವನ್ನು ೧೯೮೬ರಿಂದ ನಡೆಸಿಕೊಂಡು ಬಂದ ವಿದೇಶ ಸಂಚಾರ ನಿಗಮದ, ಅಂದರೆ ವಿ.ಎಸ್.ಎನ್.ಎಲ್.ನ, ನೆಲೆ ಅದಾಗಿತ್ತು. ೧೯೯೫ನೆಯ ಇಸವಿಯ ಆಗಸ್ಟ್ ೧೫ರಂದು ಈ ನಿಗಮವು ಅಂತರಜಾಲದ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯಿತು. ತತ್ಪೂರ್ವದಲ್ಲಿ ಈ ಜಾಲವು ಭಾರತದಲ್ಲಿ ಇರಲೇ ಇಲ್ಲವೆಂದಲ್ಲ. ಜುಹೂವಿನ ಎನ್.ಸಿ.ಎಸ್.ಟಿ. ಎಂಬ ಸಂಶೋಧನ ಕೇಂದ್ರ, ಪೊವಾಯಿಯ ಐ.ಐ.ಟಿ. ಮೊದಲಾದ ಸಂಸ್ಥೆಗಳು ಎರ್ನೆಟ್ ಎಂಬ ವಿದ್ವತ್ ಜಾಲದ ಮೂಲಕ ಅದನ್ನು ಮೊದಲೇ ಬಳಸುತ್ತಿದ್ದುವು. ಆದರೆ ಮಾಟುಂಗದಲ್ಲೋ ಮುಲುಂಡಿನಲ್ಲೋ ಎರಡು ಕೋಣೆಗಳ ಮನೆಯಲ್ಲಿ ವಾಸಿಸುವ ಸಾಮಾನ್ಯ ಸಂಬಳದಾರನಿಗೆ ಆ ಬಾಗಿಲು ಕಂಡದ್ದು ೧೯೯೫ರಲ್ಲಿಯೇ.

ಅಂದಿನಿಂದ ಸುಮಾರು ಹತ್ತು ವರ್ಷಗಳ ಕಾಲ ಮನೆಯ ಗಣಕಯಂತ್ರವು ಜಾಲವನ್ನು ಸೇರುತ್ತಿದ್ದುದು ಸಾಧಾರಣವಾಗಿ ದೂರವಾಣಿಯ ಕರೆಯ ಮೂಲಕ. ಯಾವ ಸಂಸ್ಥೆಯಿಂದ ಸಂಪರ್ಕವನ್ನು ಕೊಳ್ಳಬೇಕೆಂಬ ಪ್ರಶ್ನೆ ಆ ಕಾಲದಲ್ಲಿ ಎಷ್ಟೋ ಕನ್ನಡ ಕುಟುಂಬಗಳಲ್ಲಿ ಚರ್ಚೆಗೆ ಬಂದಿತು. ಜಾಹೀರಾತುಗಳು ಗಂಟೆಗೆ ಇಷ್ಟು ರೂಪಾಯಿ ಎಂದು ಸಾರುತ್ತಿದ್ದುವು. ಕೊಳ್ಳುವವನು ಆ ಅಂಕಿಗಳನ್ನೇ ಒಂದಕ್ಕೊಂದು ಹೋಲಿಸಿ ನೋಡುತ್ತಿದ್ದನು. ಆದರೆ ಆ ಅಂಕಿ ನಿಜವಾದ ಬೆಲೆಯ ಒಂದು ಪಾಲು ಮಾತ್ರವಾಗಿತ್ತು. ಅದಕ್ಕಿಂತ ಹಿರಿದಾದ ಪಾಲು ದೂರವಾಣಿಯ ಬಿಲ್ಲಿನಲ್ಲಿ ಅಡಗಿರುತ್ತಿತ್ತು. ಕನ್ನಡವನ್ನು ಓದಬಯಸಿದವನಿಗಾದರೋ ಮೂರನೆಯ ಪಾಲೊಂದು ಬೇರೆ ಇತ್ತು. ಈ ಮೂರನ್ನೂ ಕೂಡಿಸಿ ನೋಡಿದಲ್ಲದೆ ಯಾವ ಸಂಸ್ಥೆ ಅಗ್ಗ, ಯಾವುದು ತುಟ್ಟಿ ಎಂದು ಹೇಳುವುದು ಶಕ್ಯವಿರಲಿಲ್ಲ.

ಮೊದಲ ಮೂರು ವರ್ಷ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಮಾರುವವನು ಒಬ್ಬನೇ. ವ್ಯಕ್ತಿಗಳಿಗೆ ೨೫೦ ಗಂಟೆಗಳಿಗೆ ೫,೦೦೦ ರೂಪಾಯಿ. ವೇಗ ಸೆಕೆಂಡಿಗೆ ಹೆಚ್ಚೆಂದರೆ ೯,೬೦೦ ಬಿಟ್. ವಿದ್ಯಾರ್ಥಿಗಳಿಗಾಗಿ ಅಗ್ಗದ ಖಾತೆಯೊಂದಿತ್ತು. ಅದರಲ್ಲಿ ಚಿತ್ರಗಳು ಕಾಣುತ್ತಿರಲಿಲ್ಲ, ಬರಿಯ ಅಕ್ಷರಗಳು ಮಾತ್ರ. ಆ ಅಕ್ಷರಗಳಾದರೂ ರೋಮನ್ ಅಕ್ಷರಗಳು. ಆದಕಾರಣ ಅಗ್ಗದ ಖಾತೆಯಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಓದಬೇಕಾಗಿತ್ತೇ ಹೊರತು ಕನ್ನಡ ಲಿಪಿಯ ದರ್ಶನ ಅಲ್ಲಿ ಆಗುತ್ತಿರಲಿಲ್ಲ. ಲಿಪಿ ಬೇಕಾದರೆ ಚಿತ್ರಗಳನ್ನು ಕಾಣಿಸುವ ಖಾತೆ ಬೇಕು; ಅದರ ದರ ಬಹಳ ಹೆಚ್ಚು. ಸಂಸ್ಥೆಯೊಂದೇ ಇದ್ದ ಕಾಲದಲ್ಲಿಯೂ ಕನ್ನಡಿಗನು ಈ ಒಂದು ಆಯ್ಕೆಯನ್ನು ಮಾಡಲೇಬೇಕಾಗಿತ್ತು.

೧೯೯೮ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಖಾಸಗಿಯವರಿಗೂ ಈ ವ್ಯವಹಾರವನ್ನು ತೆರೆದಿಟ್ಟಿತು. ಪರವಾನಗಿಗಳು ಮೂರು ತರಗತಿಯವು: ಇಡೀ ದೇಶಕ್ಕೆ ಅನ್ವಯಿಸುವುದು, ಒಂದು ಪ್ರಾಂತಕ್ಕೆ ಅಥವಾ ಮಹಾನಗರಕ್ಕೆ ಅನ್ವಯಿಸುವುದು, ಒಂದು ಸಣ್ಣ ದೂರವಾಣಿ ವಲಯಕ್ಕೆ ಮಾತ್ರ ಅನ್ವಯಿಸುವುದು. ಮೊದಲ ಐದು ವರ್ಷ ಪರವಾನಗಿ ಶುಲ್ಕವನ್ನು ಬಿಟ್ಟುಕೊಟ್ಟುದರಿಂದ ಅರ್ಜಿ ಹಾಕಿದವರು ಬಹುಮಂದಿ. ಪರವಾನಗಿ ಪಡೆದೂ ಅಂಗಡಿ ತೆರೆಯದವರು ಅವರಲ್ಲಿ ಅನೇಕರು. ಸತ್ಯಂ ಇನ್ಫೋವೇ ಮೊಟ್ಟಮೊದಲು ಬಂದಿತು. ೧೯೯೯ರಲ್ಲಿ ಮುಂಬಯಿಯ ದೂರವಾಣಿ ಸಂಸ್ಥೆಯಾದ ಎಂ.ಟಿ.ಎನ್.ಎಲ್. ತಾನೇ ಈ ಸೇವೆಯನ್ನು ಆರಂಭಿಸಿತು. ಭಾರತಿಯವರ ಮಂತ್ರ ಆನ್‌ಲೈನ್, ಡಿಶ್‌ನೆಟ್ ಮೊದಲಾದುವು ಹಿಂದಿನಿಂದ ಬಂದುವು. ಅಂತರಜಾಲವು ಸೋಪು, ಕ್ಯಾಸೆಟ್ಟುಗಳಂತೆ ಪೆಟ್ಟಿಗೆಯಲ್ಲಿ ತುಂಬಿ ಅಂಗಡಿಗಳಲ್ಲಿ ಮಾರಾಟವಾಗತೊಡಗಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹೆಸರು ಬೇರೆ ಬೇರೆಯಾದರೂ ಮೊದಮೊದಲು ಈ ಸಂಸ್ಥೆಗಳೆಲ್ಲವೂ ಹೊರದೇಶದ ಸಂಪರ್ಕವನ್ನು ವಿ.ಎಸ್.ಎನ್.ಎಲ್.ನಿಂದಲೇ ಬಾಡಿಗೆಗೆ ಪಡೆಯಬೇಕಾಗಿತ್ತು. ಕಡಲಡಿಯ ಕೇಬಲ್ಲುಗಳು ಮುಂಬಯಿಯ ದಡಕ್ಕೆ ಬಂದು ಸೇರುತ್ತಿದ್ದುದು ಅದರ ಕೈಗೆ. ಖಾಸಗಿಯವರಿಗೆ ಸ್ವಂತ ಹೆಬ್ಬಾಗಿಲನ್ನು ಇಟ್ಟುಕೊಳ್ಳಲು ಅನುಮತಿ ದೊರೆತದ್ದು ಆಮೇಲೆ. ಕೇರಿಯ ಎಲ್ಲ ಕೊಡಗಳೂ ಒಂದೇ ಬಾವಿಯಲ್ಲಿ ಮುಳುಗುತ್ತಿದ್ದಾಗ ನೀರಿನ ರುಚಿಯಲ್ಲಿ ಭೇದವೆಲ್ಲಿಯದು? ಭೇದವಿದ್ದುದು ಹಗ್ಗದ ಉದ್ದದಲ್ಲಿ, ಸರದಿಯಲ್ಲಿ ನಿಂತವರ ಸಂಖ್ಯೆಯಲ್ಲಿ.

ಈ ಸರದಿಯ ವಿಷಯವನ್ನು ತಿಳಿಯಲು ಸಂಪರ್ಕದ ರೀತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮನೆಯ ಮೋಡೆಮ್ ಎಂಬ ಉಪಕರಣವು ಗಣಕದ ಅಂಕಗಳನ್ನು ಧ್ವನಿಯ ರೂಪಕ್ಕೆ ತಿರುಗಿಸಿ ದೂರವಾಣಿಯ ತಂತಿಗೆ ಕೊಡುತ್ತದೆ. ತಂತಿ ಮನುಷ್ಯನ ಮಾತಿಗಾಗಿ ಹಾಕಿದ್ದು. ಸುಮಾರು ೩೦೦ರಿಂದ ೩,೪೦೦ ಆವರ್ತಗಳವರೆಗಿನ ಸ್ವರಗಳಿಗಷ್ಟೇ ಅದರಲ್ಲಿ ದಾರಿ. ಆ ಇಕ್ಕಟ್ಟಿನ ದಾರಿಯಲ್ಲಿಯೇ ಅಂಕಗಳು ಹೋಗಬೇಕು. ಕರೆಯನ್ನು ಸ್ವೀಕರಿಸಲು ಸಂಸ್ಥೆಯ ಕಡೆಯಲ್ಲಿಯೂ ಮೋಡೆಮ್‌ಗಳ ಸಾಲೊಂದಿರುತ್ತದೆ. ಒಬ್ಬ ಗಿರಾಕಿ ಕರೆ ಮಾಡಿದಾಗ ಒಂದು ಮೋಡೆಮ್ ಅವನಿಗಾಗಿ ಮೀಸಲಾಗುತ್ತದೆ. ಅವನು ಬಿಡುವವರೆಗೆ ಅದು ಇನ್ನೊಬ್ಬನಿಗಿಲ್ಲ. ಹತ್ತು ಸಾವಿರ ಗಿರಾಕಿಗಳಿಗೆ ಹತ್ತು ಸಾವಿರ ಮೋಡೆಮ್‌ಗಳನ್ನು ಯಾವ ಸಂಸ್ಥೆಯೂ ಇಡುವುದಿಲ್ಲ. ಬ್ಯಾಂಕು ತನ್ನಲ್ಲಿರುವ ಠೇವಣಿಯಷ್ಟನ್ನೂ ನಗದಾಗಿ ತಿಜೋರಿಯಲ್ಲಿ ಇಟ್ಟುಕೊಳ್ಳದಿರುವುದು ಯಾವ ನಂಬಿಕೆಯ ಮೇಲೋ ಇದೂ ಅದೇ ನಂಬಿಕೆಯ ಮೇಲೆ: ಎಲ್ಲರೂ ಒಂದೇ ಗಳಿಗೆಯಲ್ಲಿ ಬರುವುದಿಲ್ಲ. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ ಎಂಬ ಗಣಿತಜ್ಞನು ಕೋಪನ್‌ಹೇಗನ್ನಿನ ದೂರವಾಣಿ ಸಂಸ್ಥೆಯಲ್ಲಿದ್ದಾಗ, ೧೯೦೯ ಮತ್ತು ೧೯೧೭ರ ತನ್ನ ಲೇಖನಗಳಲ್ಲಿ, ಇಷ್ಟು ಕರೆಗಳಿಗೆ ಇಷ್ಟು ತಂತಿಗಳಿದ್ದರೆ ಎಷ್ಟು ಮಂದಿ ಹಿಂದಿರುಗಬೇಕಾದೀತು ಎಂಬುದನ್ನು ಲೆಕ್ಕಕ್ಕೆ ಒಳಪಡಿಸಿದನು. ಆ ಗಣಿತದಿಂದ ತಿಳಿದುಬರುವ ಸಂಗತಿಯೊಂದು ಕೊಳ್ಳುವವನಿಗೂ ಉಪಯುಕ್ತವಾದುದು. ಹತ್ತು ತಂತಿಗಳ ಎರಡು ಗುಂಪುಗಳಿಗಿಂತ ಇಪ್ಪತ್ತು ತಂತಿಗಳ ಒಂದೇ ಗುಂಪು ಹೆಚ್ಚು ಜನರ ಕೆಲಸವನ್ನು ನಡೆಸಬಲ್ಲುದು. ಗಿರಾಕಿಗಳ ಪ್ರಮಾಣ ಸಮನಾಗಿದ್ದರೆ ದೊಡ್ಡ ಸಂಸ್ಥೆಯಲ್ಲಿ ಎಡೆ ದೊರೆಯುವ ಸಂಭವ ಸಣ್ಣದರಲ್ಲಿಗಿಂತ ಹೆಚ್ಚು. ಆದರೆ ಪ್ರಮಾಣವನ್ನು ಯಾವ ಸಂಸ್ಥೆಯೂ ಜಾಹೀರಾತಿನಲ್ಲಿ ಅಚ್ಚುಹಾಕಿಸುತ್ತಿರಲಿಲ್ಲ. ಅದನ್ನು ತಿಳಿಯುವ ಉಪಾಯ ಒಂದೇ: ರಾತ್ರಿ ಒಂಬತ್ತು ಗಂಟೆಗೆ ಆ ಸಂಸ್ಥೆಯ ಸಂಖ್ಯೆಗೆ ಬರಿಯ ದೂರವಾಣಿಯಿಂದ ಕರೆ ಮಾಡಿ, ಮೋಡೆಮ್ಮಿನ ಕಿರುಚು ಕೇಳುತ್ತದೆಯೋ ಗಿರಾಕಿ ತುಂಬಿದ ಸದ್ದು ಕೇಳುತ್ತದೆಯೋ ಎಂದು ನಾಲ್ಕಾರು ದಿನ ಪರೀಕ್ಷಿಸುವುದು. ಬುದ್ಧಿವಂತರು ಹೀಗೆಯೇ ಮಾಡುತ್ತಿದ್ದರು.

ಇನ್ನು ಲೆಕ್ಕ. ೨೫೦ ಗಂಟೆಗಳಿಗೆ ೫,೦೦೦ ರೂಪಾಯಿಯೆಂದರೆ ಗಂಟೆಗೆ ೨೦ ರೂಪಾಯಿ. ವರ್ಷದ ಅವಧಿಯಲ್ಲಿ ಹಂಚಿದರೆ ದಿನಕ್ಕೆ ೪೧ ನಿಮಿಷ. ಮುಗಿಯದೆ ಉಳಿದ ಗಂಟೆಗಳು ಅವಧಿ ತೀರಿದೊಡನೆ ಹೋದಂತೆಯೇ; ೧೫೦ ಗಂಟೆಗಳನ್ನಷ್ಟೇ ಬಳಸಿದವನಿಗೆ ಗಂಟೆಗೆ ಬಿದ್ದುದು ೩೩ ರೂಪಾಯಿಗೂ ಮೇಲೆ. ಮುಂದೆ ಪೈಪೋಟಿಯಿಂದ ಈ ದರ ಇಳಿಯುತ್ತ ಹೋಯಿತು. ಇಳಿಯದೆ ನಿಂತದ್ದು ದೂರವಾಣಿಯ ಬಿಲ್ಲು. ಮೂರು ನಿಮಿಷಕ್ಕೆ ಒಂದು ಯೂನಿಟ್, ಯೂನಿಟ್ಟಿಗೆ ಒಂದು ರೂಪಾಯಿ ಇಪ್ಪತ್ತು ಪೈಸೆ ಎಂಬ ದರವನ್ನು ಉದಾಹರಣೆಗೆ ತೆಗೆದುಕೊಂಡರೆ ಒಂದು ಗಂಟೆಗೆ ೨೦ ಯೂನಿಟ್, ಅಂದರೆ ೨೪ ರೂಪಾಯಿ. ಸಂಪರ್ಕದ ದರ ಗಂಟೆಗೆ ೨೦ರಿಂದ ೧೦ಕ್ಕೆ ಇಳಿದರೂ ಒಟ್ಟು ವೆಚ್ಚ ೪೪ರಿಂದ ೩೪ಕ್ಕೆ ಮಾತ್ರ ಇಳಿಯಿತು. ಉಚಿತವಾಗಿ ಕೊಡುತ್ತೇವೆಂದು ಕಾಲ್‌ಟೈಗರ್ ಮೊದಲಾದ ಸಂಸ್ಥೆಗಳು ಮುಂದೆ ಬಂದಾಗಲೂ ಆ ೨೪ ರೂಪಾಯಿ ಉಚಿತವಾಗಲಿಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನದಿನದ ಬಿಡಿಗಾಸನ್ನು ಮನೆಬಾಗಿಲಿನಲ್ಲಿ ಕೂಡಿಹಾಕುವುದನ್ನು ಕಲಿಸಿತು. ದೂರವಾಣಿಯ ಮೀಟರು ಮಾಡುತ್ತಿದ್ದುದು ಅದರ ವಿರುದ್ಧವಾದ ಕೆಲಸ. ಬಿಡಿಗಾಸು ಮನೆಯೊಳಗಿನಿಂದಲೇ ಸದ್ದಿಲ್ಲದೆ ಹೊರಗೆ ಹೋಗುತ್ತಿತ್ತು, ತಿಳಿಯುತ್ತಿದ್ದುದು ಎರಡು ತಿಂಗಳ ಬಿಲ್ಲು ಬಂದಾಗ.

ಸಂಸ್ಥೆಯ ಗುಣಾವಗುಣಗಳು ಈ ಬಿಲ್ಲಿನಲ್ಲಿಯೇ ಪ್ರತಿಫಲಿಸುತ್ತಿದ್ದುವು. ತಂತಿ ಖಾಲಿಯಿಲ್ಲವೆಂಬ ಸದ್ದು ಕೋಪವನ್ನು ತರುತ್ತಿತ್ತಾದರೂ ಹಣವನ್ನು ಕೇಳುತ್ತಿರಲಿಲ್ಲ. ಮೋಡೆಮ್ ಉತ್ತರಕೊಟ್ಟು, ಹೆಸರು-ಗುಪ್ತಪದಗಳನ್ನು ಪಡೆದು, ಕೊನೆಗೆ ಒಳಗೆ ಬಿಡದೆ ಕಡಿದುಹಾಕಿದರೆ ಒಂದು ಯೂನಿಟ್ ಹೋಯಿತು. ಒಂದು ಗಂಟೆಯ ಓದು, ಸಂಪರ್ಕಕ್ಕೆ ತಗಲುವ ಒಂದು ನಿಮಿಷವನ್ನು ಸೇರಿಸಿ, ಎಡೆಬಿಡದೆ ನಡೆದರೆ ೬೧ ನಿಮಿಷ, ೨೧ ಯೂನಿಟ್; ೨೫ ರೂಪಾಯಿ ೨೦ ಪೈಸೆ. ಅದೇ ಓದು ಹತ್ತು ಹತ್ತು ನಿಮಿಷಕ್ಕೆ ಕಡಿದು ಆರು ಕರೆಗಳಾದರೆ, ಒಂದೊಂದು ಕರೆಯೂ ೧೧ ನಿಮಿಷ, ನಾಲ್ಕು ಯೂನಿಟ್; ಒಟ್ಟು ೨೪. ನಡುವೆ ಎರಡು ಸಲ ಒಳಗೆ ಹೋಗಲಾಗದೆ ಕಡಿಯಿತೆಂದರೆ ೨೬ ಯೂನಿಟ್, ೩೧ ರೂಪಾಯಿ ೨೦ ಪೈಸೆ. ಆರು ರೂಪಾಯಿಗಳ ಈ ಅಂತರವು ಜಾಹೀರಾತಿನಲ್ಲಿ ಮೆರೆಯುತ್ತಿದ್ದ ಎಷ್ಟೋ ರಿಯಾಯಿತಿಗಳನ್ನು ನುಂಗಿಬಿಡುತ್ತಿತ್ತು. ಆದುದರಿಂದ ಗಂಟೆಯ ದರವನ್ನು ಕೇಳುವುದಕ್ಕಿಂತ, ಅದೇ ಕಟ್ಟಡದಲ್ಲಿ ಅದೇ ಸಂಸ್ಥೆಯನ್ನು ಬಳಸುತ್ತಿರುವ ನೆರೆಯವನನ್ನು “ಎಷ್ಟು ಹೊತ್ತಿಗೊಮ್ಮೆ ಕಡಿಯುತ್ತದೆ?” ಎಂದು ಕೇಳುವುದು ಲೇಸಾಗಿತ್ತು.

ಅದೇ ಕಟ್ಟಡ ಎಂಬುದಕ್ಕೆ ಕಾರಣವುಂಟು. ಕಡಿಯುವ ತಪ್ಪೆಲ್ಲವೂ ಸಂಸ್ಥೆಯದಲ್ಲ. ಮುಂಬಯಿಯ ಮಳೆಗಾಲದಲ್ಲಿ ತಾಮ್ರದ ತಂತಿಗಳಿಗೆ ನೀರು ಇಳಿದು ಗೊರಗೊರ ಸದ್ದು ಸೇರಿಕೊಳ್ಳುತ್ತದೆ. ಮಾತಿಗೆ ಅದು ಸಹ್ಯ, ಅಂಕಗಳಿಗೆ ಅಸಹ್ಯ. ಮೆಟ್ಟಿಲ ಕೆಳಗಿನ ಜೋಡಣೆಯ ಪೆಟ್ಟಿಗೆ ತುಕ್ಕು ಹಿಡಿದಿದ್ದರೂ ಹಾಗೆಯೇ. ಒಳಕೋಣೆಯಲ್ಲಿ ಇನ್ನೊಂದು ದೂರವಾಣಿಯನ್ನು ಜೋಡಿಸಿದ್ದು, ಯಾರಾದರೂ ಅದನ್ನೆತ್ತಿದರೆ ಸಂಪರ್ಕ ಅಲ್ಲಿಗೇ ಮುಗಿಯಿತು. ೧೯೯೮ರಲ್ಲಿ ಸಿದ್ಧವಾದ ವಿ.೯೦ ಎಂಬ ಪ್ರಮಾಣದ ಪ್ರಕಾರ ಸೆಕೆಂಡಿಗೆ ೫೬,೦೦೦ ಬಿಟ್ ವೇಗವುಳ್ಳ ಮೋಡೆಮ್‌ಗಳು ಬಂದುವು. ಆದರೆ ಆ ವೇಗ ಬರಬೇಕಾದರೆ ಸಂಸ್ಥೆಯ ಕಡೆಯಿಂದ ಗಿರಾಕಿಯ ಎಕ್ಸ್‌ಚೇಂಜಿನವರೆಗೆ ದಾರಿಯೆಲ್ಲವೂ ಅಂಕಪದ್ಧತಿಯದಾಗಿರಬೇಕು; ಹಳೆಯ ಕ್ರಮದ ತಂತಿ ಕೊನೆಯ ತುಂಡಿನಲ್ಲಿ ಮಾತ್ರ ಇರಬೇಕು. ನಡುವೆ ಹಳೆಯ ಎಕ್ಸ್‌ಚೇಂಜು ಸಿಕ್ಕಿದರೆ ೩೩,೬೦೦ಕ್ಕೆ ಮೇಲೇರುವಂತಿರಲಿಲ್ಲ. ೫೬ರ ಮೋಡೆಮ್ಮಿಗೆ ಹಣ ಸುರಿದವನು ಮೊದಲು ತನ್ನ ಎಕ್ಸ್‌ಚೇಂಜಿನ ಜಾತಕವನ್ನು ಕೇಳಬೇಕಾಗಿತ್ತು.

ಉಪನಗರಗಳಲ್ಲಿ ಆಯ್ಕೆಗೆ ಭೂಗೋಳವೂ ಅಡ್ಡ ಬಂದಿತು. ಎಂ.ಟಿ.ಎನ್.ಎಲ್.ನ ಸೀಮೆ ಮುಂಬಯಿ, ಠಾಣೆ, ನವಿ ಮುಂಬಯಿಗಳಿಗೆ ಸೇರಿದುದು. ಅದರ ಸಂಖ್ಯೆ ೦೨೨. ಕನ್ನಡಿಗರು ಬಹಳವಾಗಿ ನೆಲೆಸಿರುವ ಡೊಂಬಿವಲಿ-ಕಲ್ಯಾಣಗಳ ಸಂಖ್ಯೆ ೦೨೫೧; ವಸಯಿ-ವಿರಾರಗಳದು ೦೨೫೦. ಲೋಕಲ್ ಗಾಡಿಗೆ ಈ ಗಡಿಗಳು ಕಾಣುವುದಿಲ್ಲ, ದೂರವಾಣಿಯ ಮೀಟರಿಗೆ ಕಾಣುತ್ತವೆ. ಡೊಂಬಿವಲಿಯ ಗೃಹಸ್ಥನು ಫೋರ್ಟಿನ ಕಚೇರಿಯಲ್ಲಿ ಸಹೋದ್ಯೋಗಿ ಹೊಗಳಿದ ಸಂಸ್ಥೆಯನ್ನು ಕೊಳ್ಳುವ ಮುನ್ನ, ಅದಕ್ಕೆ ಡೊಂಬಿವಲಿಯಲ್ಲಿ ಸ್ಥಳೀಯ ಸಂಖ್ಯೆ ಉಂಟೇ ಎಂದು ವಿಚಾರಿಸಬೇಕಾಗಿತ್ತು. ಇಲ್ಲವಾದರೆ ಒಂದೊಂದು ಕರೆಯೂ ಊರಾಚೆಯ ಕರೆ. ಅನಂತರ ಅಂತರಜಾಲದ ಕರೆಗಳಿಗೆ ೧೭೨ರಿಂದ ಮೊದಲಾಗುವ ಪ್ರತ್ಯೇಕ ಸಂಖ್ಯೆಗಳು ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ಸಡಿಲಾಯಿತು.

ಮೂರನೆಯ ಪಾಲು ಕನ್ನಡದ್ದು. ಡಾ. ಯು. ಬಿ. ಪವನಜರು ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ೧೯೯೬ರಲ್ಲಿ ಅವರು ಆರಂಭಿಸಿದ ‘ವಿಶ್ವಕನ್ನಡ’ವು ಕನ್ನಡದ ಮೊದಲ ಅಂತರಜಾಲ ಪತ್ರಿಕೆಯೆಂದು ಪ್ರಸಿದ್ಧವಾಗಿದೆ, ಮುಂಬಯಿ ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯಿದು. ಮುಂದೆ ಕನ್ನಡದ ದಿನಪತ್ರಿಕೆಗಳೂ ಜಾಲದಲ್ಲಿ ಕಾಣಿಸಿಕೊಂಡುವು. ಊರಿನ ಪತ್ರಿಕೆ ಬಸ್ಸಿನಲ್ಲೋ ಅಂಚೆಯಲ್ಲೋ ಮುಂಬಯಿಗೆ ಬಂದು ಸೇರುವ ಹೊತ್ತಿಗೆ ಸುದ್ದಿ ತಂಗಳಾಗಿರುತ್ತಿದ್ದ ಕಾಲವದು. ಮನೆಯಲ್ಲಿ ಗಣಕವನ್ನು ತರಿಸಲು ಎಷ್ಟೋ ಹಿರಿಯರು ಒಪ್ಪಿದ್ದು ಈ ಒಂದು ಆಸೆಯಿಂದ. ಆದರೆ ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಬರುವವರೆಗೆ ಮನೆಗಣಕಗಳಿಗೆ ಕನ್ನಡವನ್ನು ತಾವಾಗಿ ತೋರಿಸುವ ಶಕ್ತಿಯಿರಲಿಲ್ಲ. ಒಂದೊಂದು ತಾಣಕ್ಕೂ ಅದರದೇ ಆದ ಅಕ್ಷರಶೈಲಿ. ಅದನ್ನು ಮೊದಲು ಇಳಿಸಿಕೊಳ್ಳಬೇಕು. ಅಕ್ಷರಶೈಲಿಯ ಕಡತ ನೂರು ಕಿಲೋಬೈಟ್ ಇದ್ದರೆ ೯,೬೦೦ರ ವೇಗದಲ್ಲಿ ಅದು ಇಳಿಯಲು ಸುಮಾರು ಒಂದು ಮುಕ್ಕಾಲು ನಿಮಿಷ. ಇದು ಒಮ್ಮೆ ಆಗಿಹೋಗುವ ಕೆಲಸ, ಇರಲಿ. ಇನ್ನು ಕೆಲವು ತಾಣಗಳು ಈ ಗೊಡವೆಯೇ ಬೇಡವೆಂದು ಕನ್ನಡದ ಪುಟವನ್ನು ಚಿತ್ರವಾಗಿ ಮಾಡಿ ಇಟ್ಟುವು. ನಾಲ್ಕು ಕಿಲೋಬೈಟಿನ ಬರಹವು ಚಿತ್ರವಾದಾಗ ನಲವತ್ತಾದರೆ, ಸೆಕೆಂಡಿಗೆ ಮೂರು ಕಿಲೋಬೈಟ್ ಬರುವ ತಂತಿಯಲ್ಲಿ ಇಂಗ್ಲಿಷ್ ಓದುಗನು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಕಾಯುವೆಡೆ ಕನ್ನಡಿಗನು ಹದಿಮೂರು ಸೆಕೆಂಡು ಕಾಯಬೇಕು. ಕಾಯುವ ಕಾಲಕ್ಕೂ ಮೀಟರು ಓಡುತ್ತದೆ. ಒಂದೇ ಸಂಸ್ಥೆ, ಒಂದೇ ದರ. ಆದರೂ ಸ್ವಭಾಷೆಯನ್ನು ಓದುವವನು ಹೆಚ್ಚು ತೆರುತ್ತಿದ್ದನು. ಬರಿಯ ಅಂಚೆಗಾಗಿ ಸಂಪರ್ಕವನ್ನು ಪಡೆದವನಿಗೆ ವೇಗದ ಚಿಂತೆ ಅಷ್ಟಾಗಿ ಬೇಕಿರಲಿಲ್ಲ. ಕನ್ನಡ ಪತ್ರಿಕೆಗಾಗಿ ಪಡೆದವನು ದರದಲ್ಲಿ ಸ್ವಲ್ಪ ಹೆಚ್ಚಾದರೂ ತಂತಿಗಳು ತೆರವಾಗಿರುವ, ವೇಗ ಕುಗ್ಗದ ಸಂಸ್ಥೆಯನ್ನು ಹಿಡಿಯುವುದೇ ಲಾಭವಾಗಿತ್ತು.

ಅಂಚೆಯ ವಿಷಯದಲ್ಲಿ ಬೇರೊಂದು ಸೂಕ್ಷ್ಮವಿತ್ತು. ಸಂಸ್ಥೆ ಕೊಡುವ ವಿಳಾಸದಲ್ಲಿ ಸಂಸ್ಥೆಯ ಹೆಸರೇ ಸೇರಿರುತ್ತಿತ್ತು. ವಿ.ಎಸ್.ಎನ್.ಎಲ್.ನ ಹಳೆಯ ವಿಳಾಸಗಳಲ್ಲಿ ಬೊಂಬಾಯಿಯನ್ನು ಸೂಚಿಸುವ ಎರಡು ಮೂರು ಅಕ್ಷರಗಳು, ಮುಂದೆ ಯಂತ್ರದ ಸಂಖ್ಯೆ. ಅಮೆರಿಕದಲ್ಲಿರುವ ಮಗನಿಗೂ ಮಸ್ಕತ್ತಿನಲ್ಲಿರುವ ಭಾವನಿಗೂ ಆ ವಿಳಾಸವನ್ನು ಬರೆದುಕೊಟ್ಟ ಮೇಲೆ ಸಂಸ್ಥೆಯನ್ನು ಬದಲಾಯಿಸುವುದೆಂದರೆ ಮನೆ ಬದಲಾಯಿಸಿದಂತೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವನ ಜೊತೆಗಾರನು ೧೯೯೬ರಲ್ಲಿ ತೆರೆದ ಹಾಟ್‌ಮೇಲ್ ಈ ಕಟ್ಟನ್ನು ಬಿಡಿಸಿತು. ವಿಳಾಸವು ಸಂಸ್ಥೆಯ ಹಂಗಿಲ್ಲದೆ ಉಳಿಯುವಂತಾಯಿತು. ಆದರೆ ಅಲ್ಲಿ ಕಾಗದವನ್ನು ಓದುವುದೂ ಬರೆಯುವುದೂ ತಂತಿ ಜೋಡಿಸಿರುವಾಗಲೇ ಆಗಬೇಕು. ಸಂಸ್ಥೆಯ ಅಂಚೆಯನ್ನಾದರೋ ಎರಡು ನಿಮಿಷದಲ್ಲಿ ಗಣಕಕ್ಕೆ ಇಳಿಸಿಕೊಂಡು, ಸಂಪರ್ಕವನ್ನು ಕಡಿದು, ನಿಧಾನವಾಗಿ ಓದಿ ಉತ್ತರ ಬರೆದು, ಮತ್ತೊಂದು ಕರೆಯಲ್ಲಿ ಕಳುಹಿಸಬಹುದಾಗಿತ್ತು. ಎರಡೇ ಯೂನಿಟ್ಟಿನಲ್ಲಿ ಮುಗಿಯುವ ಈ ಕ್ರಮವನ್ನು ಬಲ್ಲವರು ಬಿಲ್ಲಿಗೆ ಹೆದರಲಿಲ್ಲ.

ರಜೆಯಲ್ಲಿ ಊರಿಗೆ ಹೋಗುವ ಸಂಸಾರಕ್ಕೆ ಇನ್ನೂ ಒಂದು ಪ್ರಶ್ನೆ: ಖಾತೆ ಅಲ್ಲಿಯೂ ನಡೆಯುವುದೇ? ವಿ.ಎಸ್.ಎನ್.ಎಲ್.ನ ಖಾತೆಯನ್ನು ಅದರ ಇತರ ನಗರಗಳಲ್ಲಿ ಬಳಸಬಹುದಾಗಿತ್ತು. ಇಡೀ ದೇಶದ ಪರವಾನಗಿಯುಳ್ಳ ಖಾಸಗಿಯವರೂ ಹಲವು ನಗರಗಳನ್ನು ಮುಟ್ಟಿದರು. ಎಂ.ಟಿ.ಎನ್.ಎಲ್. ಮುಂಬಯಿ-ದಿಲ್ಲಿಗಳಿಗೆ ಸೀಮಿತವಾದುದು, ಆದರೆ ತಂತಿಯ ದೂರಿಗೂ ಸಂಪರ್ಕದ ದೂರಿಗೂ ಒಂದೇ ಕಚೇರಿಯ ಬಾಗಿಲು ಎಂಬ ಅನುಕೂಲ ಅದರಲ್ಲಿತ್ತು. ತಪ್ಪು ತಂತಿಯದೆಂದು ಒಬ್ಬರೂ ಸಂಸ್ಥೆಯದೆಂದು ಇನ್ನೊಬ್ಬರೂ ಕೈತೊಳೆದುಕೊಳ್ಳುವ ಕಾಲದಲ್ಲಿ ಇದು ಸಣ್ಣ ಗುಣವಲ್ಲ.

ಈ ಲೆಕ್ಕಗಳಲ್ಲಿ ಯಾವುದಕ್ಕೂ ಸಿಲುಕದ ವೆಚ್ಚವೊಂದು ಉಳಿಯಿತು. ಆ ಕಾಲದ ಮನೆಯಲ್ಲಿ ದೂರವಾಣಿ ಒಂದೇ. ಚಾಳಿನಲ್ಲಾದರೆ ಅಕ್ಕಪಕ್ಕದ ನಾಲ್ಕು ಮನೆಗಳಿಗೂ ಅದೇ ಸಂಖ್ಯೆ. ಗಣಕವು ಜಾಲದಲ್ಲಿರುವಷ್ಟು ಹೊತ್ತೂ ಹೊರಗಿನಿಂದ ಕರೆ ಬರುವಂತಿಲ್ಲ. ಊರಿನಿಂದ ಕರೆ ಬರುತ್ತಿದ್ದುದಾದರೂ ಯಾವಾಗ? ರಾತ್ರಿ ಬಹಳ ಹೊತ್ತಾದ ಮೇಲೆ ಊರಾಚೆಯ ಕರೆಯ ದರ ಹಗಲಿನ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತಿದ್ದ ಕಾರಣ, ಕುಂದಾಪುರ, ಕಾರ್ಕಳಗಳ ಬೂತುಗಳ ಮುಂದೆ ಜನ ಆ ಹೊತ್ತಿಗಾಗಿ ಕಾದು ನಿಲ್ಲುತ್ತಿದ್ದರು. ಸಂಸ್ಥೆಯ ಮೋಡೆಮ್‌ಗಳು ತೆರವಾಗಿ, ಜಾಲದ ವೇಗ ಹೆಚ್ಚುತ್ತಿದ್ದುದೂ ಅದೇ ಹೊತ್ತಿಗೆ. ಮುಂಬಯಿಯ ಮನೆಯಲ್ಲಿ ಮಗನು ಅದೇ ಊರಿನ ಸುದ್ದಿಯನ್ನು ಪರದೆಯ ಮೇಲೆ ಹನಿಹನಿಯಾಗಿ ಇಳಿಸಿಕೊಳ್ಳುತ್ತಿರುವಾಗ, ಊರಿನ ಬೂತಿನಲ್ಲಿ ನಿಂತ ಅಣ್ಣನಿಗೆ ಮತ್ತೆ ಮತ್ತೆ ಕೇಳುತ್ತಿದ್ದುದು ತಂತಿ ಖಾಲಿಯಿಲ್ಲವೆಂಬ ಸದ್ದು. ಮನೆಯಲ್ಲಿ ವೃದ್ಧರು ಹಾಸಿಗೆ ಹಿಡಿದಿರುವಾಗ ಇದರ ಬೆಲೆಯನ್ನು ಯೂನಿಟ್ಟುಗಳಲ್ಲಿ ಎಣಿಸುವುದು ಹೇಗೆ? ಕೆಲವು ಮನೆಗಳಲ್ಲಿ ರಾತ್ರಿ ಹತ್ತರ ಮೇಲೆ ಗಣಕವನ್ನು ಮುಟ್ಟಕೂಡದೆಂಬ ಕಟ್ಟಳೆಯಾಯಿತು. ಕೆಲವರು ಬೆಳಗಿನ ಜಾವ ಐದು ಗಂಟೆಗೆ ಎದ್ದು ಕನ್ನಡ ಪತ್ರಿಕೆಯನ್ನು ಓದಿದರು. ಅನುಕೂಲವಿದ್ದವರು ಎರಡನೆಯ ತಂತಿಯನ್ನು ಹಾಕಿಸಿಕೊಂಡರು. ಅದರ ಬಾಡಿಗೆ ಸಂಪರ್ಕದ ಬೆ‌ಲೆಗೆ ಸೇರಿತು.

೨೦೦೨ರಲ್ಲಿ ವಿ.ಎಸ್.ಎನ್.ಎಲ್. ಟಾಟಾರವರ ಆಡಳಿತಕ್ಕೆ ಬಂದು, ೨೦೦೮ರಲ್ಲಿ ಟಾಟಾ ಕಮ್ಯುನಿಕೇಷನ್ಸ್ ಎಂಬ ಹೆಸರನ್ನು ತಾಳಿತು. ಉಚಿತ ಸೇವೆಯವರು ಅದಕ್ಕೆ ಮುಂಚೆಯೇ ಮರೆಯಾಗಿದ್ದರು. ೨೦೦೪ರ ಸರಕಾರಿ ನೀತಿಯು ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಸೆಕೆಂಡಿಗೆ ಕನಿಷ್ಠ ೨೫೬ ಕಿಲೋಬಿಟ್ ವೇಗವಿರಬೇಕೆಂದು ವಿಧಿಸಿತು, ೨೦೦೫ರಲ್ಲಿ ಎಂ.ಟಿ.ಎನ್.ಎಲ್. ತನ್ನ ‘ಟ್ರೈಬ್ಯಾಂಡ್’ ಸೇವೆಯನ್ನು ಆರಂಭಿಸಿತು. ತಾಮ್ರದ ತಂತಿ ಹಳೆಯದೇ. ಮಾತಿನ ಸ್ವರಗಳಿಗೆ ಅದರ ಕೆಳಗಿನ ದಾರಿಯನ್ನು ಬಿಟ್ಟುಕೊಟ್ಟು, ಅಂಕಗಳು ಮೇಲಿನ ದಾರಿಯಲ್ಲಿ ಹೋಗತೊಡಗಿದುವು. ಕರೆಯ ಯೂನಿಟ್ಟುಗಳನ್ನು ಎಣಿಸುವ ಕೆಲಸ ನಿಂತಿತು. ರಾತ್ರಿ ಹನ್ನೊಂದಕ್ಕೆ ಪರದೆಯ ಮೇಲೆ ಪತ್ರಿಕೆ ತೆರೆದಿದ್ದಾಗಲೇ ಪಕ್ಕದಲ್ಲಿ ದೂರವಾಣಿ ಬಾರಿಸಿತು.